ಇಂಗ್ಲಿಷಿನ ಚಿಕ್ಕ ಪದಗಳಿಗೆ ಎರಡು ಉಚ್ಚಾರಣೆ. ಎರಡನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಇಂಗ್ಲಿಷ್ ಕಲಿಕೆಯ ಅಂಕಣಗಳಲ್ಲಿ ಪದದ ಪಕ್ಕದಲ್ಲೇ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಕೊಡುವ ರೂಢಿ ಒಳ್ಳೆಯದು. ಆದರೆ ಕ್ಯಾನ್, ಆ್ಯಂಡ್, ಟು, ಫಾರ್, ಆಫ್, ಹ್ಯಾವ್, ವಾಸ್ ಮುಂತಾದ ಚಿಕ್ಕ ಪದಗಳಿಗೆ ಅಲ್ಲಿ ಒಂದೇ ಉಚ್ಚಾರಣೆ ಅಚ್ಚಾಗುತ್ತಿದೆ. ಪದವನ್ನು ಒಂಟಿಯಾಗಿ ನಿಲ್ಲಿಸಿ ಓದಿದಾಗ ಬರುವ ರೂಪ ಅದು. ವಾಕ್ಯದೊಳಗೆ ಸೇರಿದ ಮೇಲೆ ಆ ಪದ ಬಹುಪಾಲು ಹಾಗೆ ಕೇಳಿಸುವುದೇ ಇಲ್ಲ. ಇಂಥವು ಸುಮಾರು 40 ಪದಗಳಿವೆ. ಒತ್ತು ಬಿದ್ದಾಗ ಒಂದು ಉಚ್ಚಾರಣೆ, ಬೀಳದಿದ್ದಾಗ ಇನ್ನೊಂದು. ಮಾತಿನಲ್ಲಿ ಹೆಚ್ಚು ಬಳಕೆಯಾಗುವುದು ಎರಡನೆಯದೇ. ಅದನ್ನೇ ನಾವು ಕಲಿಸದೆ ಬಿಟ್ಟಿದ್ದೇವೆ.

ಇದರಿಂದ ಆಗುವ ತೊಂದರೆ ಎಷ್ಟೆಂದು ತಿಳಿಯಲು 'ಕ್ಯಾನ್' ಒಂದೇ ಸಾಕು. 'ಅದನ್ನು ಕಳಿಸಬಲ್ಲೆ' ಎನ್ನಲು ಇಂಗ್ಲಿಷರು 'ಐ ಕನ್ ಸೆಂಡಿಟ್' ಎನ್ನುತ್ತಾರೆ. ಒತ್ತು 'ಸೆಂಡ್' ಮೇಲೆ ಮಾತ್ರ. 'ಕಳಿಸಲಾರೆ' ಎನ್ನುವಾಗ ಅಮೆರಿಕನ್ನರು 'ಐ ಕ್ಯಾಂಟ್ ಸೆಂಡಿಟ್' ಎನ್ನುತ್ತಾರೆ; ಮುಂದೆ ವ್ಯಂಜನ ಬಂದರೆ ಕೊನೆಯ 'ಟ್' ಬಾಯಲ್ಲೇ ಉಳಿದು ಹೊರಗೆ ಕೇಳಿಸದೆ ಹೋಗುವುದು ಸಾಮಾನ್ಯ. ಹಾಗಾಗಿ ಆಗುತ್ತದೋ ಇಲ್ಲವೋ ಎಂಬುದನ್ನು ಕೇಳುವವರು ಸ್ವರದಿಂದಲೇ ಗುರುತಿಸುತ್ತಾರೆ. ನಾವು ಸ್ಪಷ್ಟವಾಗಿರಲಿ ಎಂದು 'ಐ ಕ್ಯಾನ್ ಸೆಂಡ್' ಎಂದು ಬಿಡಿಸಿ ಹೇಳಿದರೆ ಅವರ ಕಿವಿಗೆ ಅದು 'ಆಗುವುದಿಲ್ಲ' ಎಂದೇ ಮುಟ್ಟಬಹುದು. ಬ್ರಿಟನ್ನಿನ ದಕ್ಷಿಣದವರು ನಿಷೇಧರೂಪವನ್ನು 'ಕಾಂಟ್' ಎಂದು ದೀರ್ಘವಾಗಿ ಹೇಳುವುದರಿಂದ ಅಲ್ಲಿ ಈ ಗೊಂದಲ ಕಡಿಮೆ. ಆದರೂ ಪೂರ್ತಿ 'ಕ್ಯಾನ್' ಅಲ್ಲಿ 'ಕಳಿಸಬಲ್ಲೆ ಅಂದೆನಲ್ಲ!' ಎಂದು ಹಟ ಹಿಡಿದಂತೆ ಕೇಳಿಸುತ್ತದೆ.

ಕಷ್ಟದ ಮೂಲ ನಾಲಿಗೆಯಲ್ಲಿಲ್ಲ. ಒತ್ತು ಬೀಳದ ಪದಗಳಲ್ಲಿ ಬರುವ ಆ ಸಡಿಲ ಸ್ವರಕ್ಕೆ ನಮ್ಮ ಹ್ರಸ್ವ 'ಅ' ಸಾಕಷ್ಟು ಹತ್ತಿರ. ಇನ್ನೂ ಹಗುರಾಗಿ, ಇನ್ನೂ ಚುಟುಕಾಗಿ ಹೇಳಿದರಾಯಿತು. ತೊಡಕಿರುವುದು ಕಿವಿಯ ಸಂಸ್ಕಾರದಲ್ಲಿ. ಕನ್ನಡದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪದ ಎಲ್ಲಿ ಕೂತರೂ ಲೆಕ್ಕ ಬದಲಾಗದು. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರ ಹಿಗ್ಗುತ್ತದೆ, ಉಳಿದವು ಕುಗ್ಗುತ್ತವೆ. ಒತ್ತಿನಿಂದ ಒತ್ತಿಗೆ ಸಮಾನ ಕಾಲ ಎಂದು ಪುಸ್ತಕಗಳು ಹೇಳುವುದುಂಟು. ಅಳೆದು ನೋಡಿದಾಗ ಅಷ್ಟು ಕರಾರುವಾಕ್ಕಾಗಿ ಸಿಕ್ಕಿಲ್ಲ, ಆದರೆ ಹಿಗ್ಗುವುದು ಕುಗ್ಗುವುದಂತೂ ನಿಜ. ಇದು ಸೋಮಾರಿತನದ ಉಚ್ಚಾರಣೆ ಎಂಬ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. 'ಮಾಡುತ್ತಾ ಇದ್ದೇನೆ' ಎಂಬುದು ಬಾಯಲ್ಲಿ 'ಮಾಡ್ತಿದೀನಿ' ಆಗುವುದನ್ನು ಯಾರಾದರೂ ಸೋಮಾರಿತನ ಎನ್ನುತ್ತಾರೆಯೇ?

ಕೆಲವು ಪದಗಳನ್ನು ನೋಡಿ. 'ಫಾರ್' ಬ್ರಿಟಿಷರಲ್ಲಿ 'ಫ', ಅಮೆರಿಕನ್ನರಲ್ಲಿ 'ಫರ್'. 'ಆ್ಯಂಡ್' ಬರಿಯ 'ಅನ್', ಕೆಲವೊಮ್ಮೆ 'ನ್' ಮಾತ್ರ. 'ಟು' ವ್ಯಂಜನದ ಮುಂದೆ 'ಟ', ಸ್ವರದ ಮುಂದೆ 'ಟು'. 'ಫ್ರಾಮ್' ಕುಗ್ಗಿ 'ಫ್ರಮ್', 'ವಾಸ್' ಕುಗ್ಗಿ 'ವಜ಼್'. ವಾಕ್ಯದ ನಡುವೆ 'ಹಿಮ್', 'ಹರ್'ಗಳ ಹಕಾರ ಬಿದ್ದು 'ಟೆಲ್ ಹಿಮ್' ಎಂಬುದು 'ಟೆಲಿಮ್' ಆಗುತ್ತದೆ. ವಾಕ್ಯದ ಮೊದಲಲ್ಲಿದ್ದರೆ ಹಕಾರ ಉಳಿಯುತ್ತದೆ. 'ಐ ನೋ ದಟ್ ದ್ಯಾಟ್ ಈಸ್ ರಾಂಗ್' ಎಂಬಲ್ಲಿ ಮೊದಲನೆಯದು ನಮ್ಮ 'ಎಂದು', ಎರಡನೆಯದು 'ಅದು'. ಕಾಗುಣಿತ ಒಂದೇ, ಉಚ್ಚಾರಣೆ ಬೇರೆ.

'ಆಫ್' ಬಗ್ಗೆ ತುಸು ಹೆಚ್ಚು ಹೇಳಬೇಕು. ಷಷ್ಠಿಯ ಅರ್ಥದ ಪದವನ್ನೂ, ದೀಪ ಆರಿಸುವಾಗ ಹೇಳುವ 'ಆಫ್' ಅನ್ನೂ ಕನ್ನಡದಲ್ಲಿ ನಾವು ಒಂದೇ ರೀತಿ ಬರೆಯುತ್ತೇವೆ. ಮೊದಲನೆಯದರ ಕೊನೆಗಿರುವುದು ವಕಾರ. ಒತ್ತಿಲ್ಲದಾಗ ಅದು 'ಅವ್'. ಸಹಾಯಕ ಕ್ರಿಯಾಪದವಾದ 'ಹ್ಯಾವ್' ಕುಗ್ಗಿದಾಗಲೂ 'ಅವ್' ಎಂದೇ ಆಗುತ್ತದೆ. ಎರಡೂ ಹೀಗೆ ಒಂದಾಗಿ ಕೇಳಿಸುವುದರಿಂದಲೇ 'ಕುಡ್ ಹ್ಯಾವ್' ಎಂದು ಬರೆಯಬೇಕಾದಲ್ಲಿ ಇಂಗ್ಲಿಷ್ ಮನೆಮಾತಿನವರೂ 'ಕುಡ್ ಆಫ್' ಎಂದು ತಪ್ಪಾಗಿ ಬರೆಯುವುದುಂಟು.

ಎಲ್ಲ ಕಡೆಯೂ ಕುಗ್ಗಿಸುವುದು ಇನ್ನೊಂದು ತಪ್ಪು. ವಾಕ್ಯದ ಕೊನೆಗೆ ಬಂದಾಗ ಪೂರ್ಣರೂಪವೇ ಬೇಕು: 'ವೇರ್ ಆರ್ ಯು ಫ್ರಾಮ್?', 'ಯೆಸ್, ಐ ಕ್ಯಾನ್'. 'ಹಿಮ್', 'ದೆಮ್' ಮುಂತಾದ ಸರ್ವನಾಮಗಳಿಗೆ ಮಾತ್ರ ಈ ನಿಯಮವಿಲ್ಲ. 'ಅವನಿಂದ ಅಲ್ಲ, ಅವನಿಗೆ' ಎಂದು ಎದುರುಬದುರಿಟ್ಟು ಹೇಳುವಾಗಲೂ ಪೂರ್ಣರೂಪ. 'ಹ್ಯಾವ್' ಮುಖ್ಯ ಕ್ರಿಯಾಪದವಾಗಿದ್ದರೆ, ಅಂದರೆ 'ನನ್ನಲ್ಲಿದೆ' ಎಂಬ ಅರ್ಥದಲ್ಲಿ, ಕುಗ್ಗಿಸಬಾರದು. 'ಆನ್', 'ಇನ್', 'ಅಪ್', 'ವೆನ್' ಇವಕ್ಕೆ ಕುಗ್ಗಿದ ರೂಪವೇ ಇಲ್ಲ. 'ಆನ್' ಅನ್ನು 'ಅನ್' ಮಾಡಿದರೆ ಅದು 'ಆ್ಯಂಡ್' ಆಗಿಬಿಡುತ್ತದೆ.

ಅಭ್ಯಾಸಕ್ಕೆ ಒಂದು ವಾಕ್ಯ: 'ಐ ವಾಸ್ ವೇಟಿಂಗ್ ಫಾರ್ ದಿ ರಿಸಲ್ಟ್ಸ್ ಆಫ್ ದಿ ಟೆಸ್ಟ್'. ಉಚ್ಚಾರಣೆಯ ಲೆಕ್ಕದಲ್ಲಿ 11 ಅಕ್ಷರ, ಒತ್ತು 3 ಕಡೆ ಮಾತ್ರ. ಮೊದಲು ಬೆರಳಿನಿಂದ ಮೇಜು ತಟ್ಟುತ್ತ 'ವೇಟ್, ಸಲ್ಟ್ಸ್, ಟೆಸ್ಟ್' ಎಂದಷ್ಟೇ ಹೇಳಬೇಕು. ತಾಳ ಕೂತ ಮೇಲೆ ಉಳಿದದ್ದನ್ನು ನಡುವೆ ತೂರಿಸಬೇಕು: 'ಐ ವಜ಼್ ವೇಟಿಂಗ್ ಫ ದ ರಿಸಲ್ಟ್ಸ್ ಅವ್ ದ ಟೆಸ್ಟ್'. ತಟ್ಟುವುದು ಮೂರೇ ಸಲ. ಬೆರಳು 'ಫಾರ್' ಮೇಲೂ ಬಿತ್ತೆಂದರೆ ಹಳೆಯ ಚಾಳಿ ಮರಳಿತೆಂದೇ ಅರ್ಥ. ಬಹಳ ಮಂದಿ ಇಲ್ಲಿ ಇಡೀ ವಾಕ್ಯವನ್ನೇ ಅವಸರದಿಂದ ಓಡಿಸಿಬಿಡುತ್ತಾರೆ. ಒತ್ತಿನ ಅಕ್ಷರಗಳನ್ನು ನಿಧಾನವಾಗಿ, ಎಳೆದೇ ಹೇಳಬೇಕು. ಮೊಬೈಲಿನಲ್ಲಿ ಮುದ್ರಿಸಿ ಕೇಳಿದರೆ ತಪ್ಪು ತಾನಾಗಿ ಗೊತ್ತಾಗುತ್ತದೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ: ಅಂಕಣದಲ್ಲಿ ಇಂಥ ಪದ ಬಂದಾಗ 'ಕನ್; ಒತ್ತಿದಾಗ ಕ್ಯಾನ್' ಎಂದು ಕುಗ್ಗಿದ ರೂಪವನ್ನೇ ಮೊದಲು ಕೊಡಿ, ಜೊತೆಗೊಂದು ಇಡೀ ವಾಕ್ಯ ಕೊಟ್ಟು ಒತ್ತಿನ ಅಕ್ಷರಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿ. ವಾರಕ್ಕೆ ಎರಡು ಪದದಂತೆ ಕೊಟ್ಟರೂ ಐದು ತಿಂಗಳೊಳಗೆ ಎಲ್ಲ 40 ಪದಗಳೂ ಮುಗಿಯುತ್ತವೆ.

ಇಂಗ್ಲಿಷ್ ಉಚ್ಚಾರಣೆ ಕಲಿಸುವ ಅಧ್ಯಾಪಕರು