ನೀರು ಎಷ್ಟು ಗಂಟೆಗೆ ಬರುತ್ತಿತ್ತು?

ಡೊಂಬಿವಲಿ,
ಬುಧವಾರ

ಚಿ. ಪುಟ್ಟನಿಗೆ ದೊಡ್ಡತ್ತೆಯ ಆಶೀರ್ವಾದಗಳು.

"ಉಭಯ ಕುಶಲೋಪರಿ ಸಾಂಪ್ರತ" ಅಂತ ಶುರು ಮಾಡುತ್ತಿದ್ದರು ನಿನ್ನ ಅಜ್ಜಯ್ಯ. ಕಾರ್ಡಿನ ಕಾಲು ಭಾಗ ಅದಕ್ಕೇ ಹೋಗುತ್ತಿತ್ತು. ನಾನು ನೇರ ವಿಷಯಕ್ಕೆ ಬರುತ್ತೇನೆ.

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. "ದೊಡ್ಡತ್ತೆ, ನಮ್ಮ ಮನೆಯಲ್ಲಿ ಎಲ್ಲರೂ ಹೆದರುಪುಕ್ಕಲರು. ರಾಜಕೀಯ ಅಂದ ಕೂಡಲೇ ಎದ್ದು ಕೈ ತೊಳೆಯೋಕೆ ಹೋಗ್ತೀರಿ. ದೊಡ್ಡಪ್ಪ ಒಬ್ಬರು ಮಾತಾಡಿದ್ರು, ಅದೂ ಬೈಗುಳ." ಆಮೇಲೆ ನೀನು ವಾಟ್ಸಾಪ್ ಗ್ರೂಪ್ ಬಿಟ್ಟೆ. ಈಗ ಚೌತಿಗೂ ಬರುವುದಿಲ್ಲ ಅನ್ನುತ್ತಿದ್ದೀ. ನನಗೆ ಆಗ ಉತ್ತರ ಹೊಳೆಯಲಿಲ್ಲ. ಕುಕ್ಕರ್ ಕೂಗಿತು ಅಂತ ಸುಳ್ಳು ಹೇಳಿ ಫೋನ್ ಇಟ್ಟೆ. ನೋಡು, ನಾನೂ ಕೈ ತೊಳೆಯೋಕೇ ಹೋದೆ!

ಹೆದರುಪುಕ್ಕಲರು ಅನ್ನುವ ಮಾತು ಮಾತ್ರ ಪೂರ್ತಿ ಸರಿಯಲ್ಲ ಪುಟ್ಟ. ವಾದಕ್ಕೆ ಹಿಂದೇಟು ಹಾಕುವ ಸೀಮೆಯವರಲ್ಲ ನಾವು. ತಾಳಮದ್ದಳೆಯಲ್ಲಿ ರಾತ್ರಿಯಿಡೀ ಕರ್ಣನೂ ಕೃಷ್ಣನೂ ಒಬ್ಬರ ಮಾತನ್ನು ಒಬ್ಬರು ಕತ್ತರಿಸುವುದನ್ನು ಕೇಳುತ್ತಾ ಬೆಳೆದವರು. ಬೆಳಿಗ್ಗೆ ಅದೇ ಇಬ್ಬರು ಅರ್ಥಧಾರಿಗಳು ಒಂದೇ ಬೆಂಚಿನಲ್ಲಿ ಕೂತು ಅವಲಕ್ಕಿ ತಿನ್ನುತ್ತಾರೆ. ಇವತ್ತು ಕರ್ಣನ ಅರ್ಥ ಹೇಳಿದವನು ಬರುವ ಶನಿವಾರ ಕೃಷ್ಣನದ್ದು ಹೇಳಬೇಕಲ್ಲ. ಮನೆಯೊಳಗಿನ ರಾಜಕೀಯದಲ್ಲಿ ಹಾಗೆ ಪಾತ್ರ ಬದಲಾಗುವುದಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ ನಿಂತಿರುವುದಕ್ಕೆ ಕಾರಣ ಇರುತ್ತದೆ. ಆ ಕಾರಣವನ್ನು ಅವರು ಗ್ರೂಪಿನಲ್ಲಿ ಬರೆಯುವುದಿಲ್ಲ. ಬರೆಯುವುದು ಪಕ್ಷದ ಹೆಸರು ಅಷ್ಟೇ.

ನಿನ್ನ ದೊಡ್ಡಪ್ಪನದ್ದೇ ತಗೋ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಿನ್ನ ಅಪ್ಪನಂತೂ ಹೇಳುವ ಜಾತಿಯಲ್ಲ.

1974ರ ಮಾರ್ಚ್ 1ಕ್ಕೆ ಕರ್ನಾಟಕದಲ್ಲಿ ಭೂಸುಧಾರಣೆ ಕಾನೂನು ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅಂತ ಶಾಲೆಯಲ್ಲಿ ಓದಿರುತ್ತೀಯಲ್ಲ, ಅದೇ. ದೇವರಾಜ ಅರಸರ ಕಾಲ. ಗೇಣಿಗೆ ಕೊಟ್ಟ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಅಲ್ಲಿಂದ ಗೇಣಿ ಮಾಡುತ್ತಿದ್ದವನ ಹೆಸರಿಗೆ ಹೋಗಬೇಕು. ಒಕ್ಕಲು ಡಿಕ್ಲರೇಷನ್ ಕೊಟ್ಟರೆ ಟ್ರಿಬ್ಯೂನಲ್ ವಿಚಾರಣೆ ಮಾಡುತ್ತಿತ್ತು. ನಮ್ಮ ಕಡೆ ಗೇಣಿಯ ಗದ್ದೆ ಜಾಸ್ತಿ. ಹಾಗಾಗಿ ಆ ಕಾನೂನು ಮುಟ್ಟದ ಮನೆ ಕಡಿಮೆ.

ನಮ್ಮ ಮನೆಗೆ ವರ್ಷಕ್ಕೆ ಮೂವತ್ತು ಮುಡಿ ಅಕ್ಕಿ ಗೇಣಿ ಬರುತ್ತಿತ್ತು. ದೊಡ್ಡ ಧಣಿಗಳೇನಲ್ಲ ಬಿಡು. ಆ ಅಕ್ಕಿ ನಿಂತರೆ ಆಡಿ ತಿಂಗಳಲ್ಲಿ ಒಲೆ ಉರಿಯುವುದು ಕಷ್ಟ, ಅಷ್ಟೇ ಅನುಕೂಲ. 1976ರಲ್ಲಿ ನಾನು ಮೊದಲ ಬಾಣಂತನಕ್ಕೆ ಊರಿಗೆ ಹೋಗಿದ್ದೆ. ಅಪ್ಪಯ್ಯನನ್ನು ಟ್ರಿಬ್ಯೂನಲ್ಲಿಗೆ ಕರೆದುಕೊಂಡು ಹೋದದ್ದು ನಿನ್ನ ದೊಡ್ಡಪ್ಪ. ಇಪ್ಪತ್ತರ ಹುಡುಗ. ಅಲ್ಲಿ ವಕೀಲರು ನಿಲ್ಲುವಂತಿರಲಿಲ್ಲ. ಒಡೆಯ, ಒಕ್ಕಲು ಎದುರುಬದುರು. ಅಲ್ಲಿಯತನಕ ಅಂಗಳದಾಚೆ ನಿಂತು "ಒಡೆಯರೇ" ಅನ್ನುತ್ತಿದ್ದ ಮನುಷ್ಯ ಅವತ್ತು ಪಕ್ಕದ ಕುರ್ಚಿಯಲ್ಲಿ ಕೂತು ನಮ್ಮ ಅಪ್ಪಯ್ಯನ ಹೆಸರು ಹಿಡಿದು ಮಾತಾಡಿದನಂತೆ. ಕಾನೂನಿನ ಪ್ರಕಾರ ಅವನು ಹೇಳಿದ್ದು ಸರಿ. ನ್ಯಾಯದ ಪ್ರಕಾರವೂ ಸರಿ ಅಂತಲೇ ನಾನು ಹೇಳುತ್ತೇನೆ. ಮೂರು ತಲೆಮಾರು ಅವನ ಮನೆಯವರ ಬೆನ್ನು ಬಗ್ಗಿದ್ದು ಆ ಗದ್ದೆಯಲ್ಲಿ. ಆದರೆ ಸಂಜೆ ಮನೆಗೆ ಬಂದ ಅಪ್ಪಯ್ಯ ಮೂರು ದಿನ ಅಂಗಳಕ್ಕೆ ಇಳಿಯಲಿಲ್ಲ. ಅದನ್ನು ನೋಡಿದ ಇಪ್ಪತ್ತರ ಹುಡುಗನಿಗೆ ನ್ಯಾಯ ಎಲ್ಲಿ ಕಾಣುತ್ತದೆ?

ಈಗ ನಿನ್ನ ದೊಡ್ಡಪ್ಪನಿಗೆ 69. ಗ್ರೂಪಿನಲ್ಲಿ ನೀನು ದಿಲ್ಲಿಯ ಬಗ್ಗೆ ಏನೋ ಬರೆದೆ. ಅವನು ಉತ್ತರ ಕೊಟ್ಟದ್ದು ಆ ಟ್ರಿಬ್ಯೂನಲ್ ಕೋಣೆಯಿಂದ. ಅದು ನಿನಗೂ ಗೊತ್ತಿಲ್ಲ, ಬಹುಶಃ ಅವನಿಗೂ ಗೊತ್ತಿಲ್ಲ.

ಇದರ ಇನ್ನೊಂದು ಮಗ್ಗುಲು ನನ್ನ ಗಂಡನ ಮನೆ. ಅವರು ಬೇರೆ ಧಣಿಯ ಗೇಣಿ ಒಕ್ಕಲು. ನನ್ನನ್ನು 1973ರಲ್ಲಿ ಆ ಮನೆಗೆ ಕೊಟ್ಟದ್ದು ಹುಡುಗ ಬೊಂಬಾಯಿಯಲ್ಲಿದ್ದಾನೆ ಎಂಬ ಒಂದೇ ಕಾರಣಕ್ಕೆ. ಮರುವರ್ಷದ ಕಾನೂನಿನಲ್ಲಿ ಅವರಿಗೆ ಎರಡು ಎಕರೆ ಆಯಿತು. ನನ್ನ ಅತ್ತೆ ದೇವರ ಮಾಡಿನಲ್ಲಿ ಇಂದಿರಾ ಗಾಂಧಿಯ ಕ್ಯಾಲೆಂಡರ್ ತೂಗಿಸಿದರು. ತವರಿನಲ್ಲಿ ಆ ಹೆಸರು ಎತ್ತಿದರೆ ಅಪ್ಪಯ್ಯ ಊಟದಿಂದ ಏಳುತ್ತಿದ್ದರು. ಎರಡೂ ಮನೆಯವರು ಒಂದೇ ಮದುವೆಗೆ, ಒಂದೇ ಪಂಕ್ತಿಗೆ ಕೂತಾಗ ಏನು ಮಾತಾಡುವುದು ಹೇಳು? ಮಳೆ, ಅಡಿಕೆ ರೇಟು, ಯಾರಿಗೆ ಎಷ್ಟನೇ ಮಗು. ಹಾಗೆ ಮಾತಾಡಿದ್ದರಿಂದಲೇ ನಿನ್ನ ತಲೆಮಾರಿನವರೆಗೆ ನೆಂಟಸ್ತಿಕೆ ಉಳಿದು ಬಂತು. ಆ ಮೌನವನ್ನು ನೀನು ಅಗ್ಗಕ್ಕೆ ಮಾರಬೇಡ.

ನಿನ್ನ ಮಾವನ ಬಾಯಿಗೆ ಬೀಗ ಬಿದ್ದದ್ದು ಬೇರೆ ರೀತಿ. ಅವರು 1964ರಲ್ಲಿ ಗ್ರಾಂಟ್ ರೋಡಿನ ಹೋಟೆಲಿಗೆ ಮಾಣಿಯಾಗಿ ಬಂದವರು. ಆಗ ಇಲ್ಲಿಯವರಿಗೆ ದಕ್ಷಿಣದವರೆಲ್ಲ ಮದ್ರಾಸಿಗಳು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ವಿಷಯಕ್ಕೆ ಬೊಂಬಾಯಿ ಹೊತ್ತಿ ಉರಿಯಿತು. ಹೋಟೆಲಿನ ಗಾಜು ಪುಡಿಯಾಯಿತು. ಎರಡು ದಿನ ಶಟರ್ ಎಳೆದು ಒಳಗೆ ಕೂತಿದ್ದರಂತೆ. ಮೂರನೇ ದಿನ ಧಣಿ ಗಲ್ಲಾದ ಹಿಂದೆ ಒಂದು ಬೋರ್ಡು ಬರೆಸಿ ಹಾಕಿದರು: "ಇಲ್ಲಿ ರಾಜಕೀಯ ಮಾತನಾಡಬಾರದು." ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಸಲಿಲ್ಲ. ಕನ್ನಡ ಅಕ್ಷರ ಕಂಡರೇ ಕಷ್ಟ ಅಂತ. (ಒಂದೇ ಕಟಿಂಗ್ ಚಾಯ್ ಇಟ್ಟುಕೊಂಡು ಒಂದು ಗಂಟೆ ಚರ್ಚೆ ಮಾಡುವವರಿಂದ ಟೇಬಲ್ ಬಿಡಿಸುವುದಕ್ಕೂ ಆ ಬೋರ್ಡು ಬಳಕೆಗೆ ಬಂತು ಅನ್ನುವುದು ಬೇರೆ ಮಾತು.) ಇನ್ನೊಬ್ಬರ ಊರಿನಲ್ಲಿ ಹೊಟ್ಟೆ ಹೊರೆಯುವವನು ನಾಲಿಗೆಯನ್ನು ಗಲ್ಲಾದಲ್ಲಿ ಒತ್ತೆ ಇಟ್ಟಿರುತ್ತಾನೆ. ನಿನಗೆ ಪುಣೆಯ ಹಿಂಜವಡಿಯ ಆಫೀಸಿನಲ್ಲಿ ಕೂತು ಇದು ಹೇಡಿತನ ಅನ್ನಿಸಬಹುದು. ಮ್ಯಾನೇಜರ್ ಎದುರು ನೀನು ಎಷ್ಟು ಮಾತಾಡುತ್ತೀ?

ಈಗ ನನ್ನ ಕಥೆ. ಇದನ್ನು ನಾನು ನಿನ್ನ ಅಪ್ಪನಿಗೂ ಹೇಳಿಲ್ಲ.

ನಾವು ಆಗ ಮಲಾಡಿನ ಚಾಳಿನಲ್ಲಿದ್ದೆವು. ಇಪ್ಪತ್ತೆರಡು ಕೋಣೆಗೆ ಒಂದು ನಲ್ಲಿ. ನೀರು ನಸುಕಿನ ಮೂರಕ್ಕೆ ಬಂದು ನಾಲ್ಕೂವರೆಗೆ ಹೋಗುತ್ತಿತ್ತು. ಕಂಕುಳಲ್ಲಿ ಮಗು, ಕೈಯಲ್ಲಿ ಬಿಂದಿಗೆ. ಮೃಣಾಲ್ ಗೋರೆಯವರ ಹೆಸರು ನಾನು ಮೊದಲು ಕೇಳಿದ್ದು ಆ ನಲ್ಲಿಯ ಸಾಲಿನಲ್ಲಿ. ಪಕ್ಕದ ಗೋರೆಗಾಂವಿನಿಂದ ಕಾರ್ಪೊರೇಟರ್ ಆಗಿದ್ದವರು. ನೀರಿಗಾಗಿ ಹೋರಾಡಿ ಹೋರಾಡಿ "ಪಾಣಿವಾಲಿ ಬಾಯಿ", ಅಂದರೆ ನೀರಿನ ಹೆಂಗಸು, ಅಂತಲೇ ಹೆಸರಾಗಿದ್ದರು. ಬೆಲೆ ಏರಿದಾಗ ಹೆಂಗಸರ ಕೈಗೆ ಲಟ್ಟಣಿಗೆ ಕೊಟ್ಟು ಮೋರ್ಚಾ ತೆಗೆದವರು. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೂ ಹೋದರು. 1977ರ ಮಾರ್ಚಿನ ಚುನಾವಣೆಗೆ ಅವರು ನಮ್ಮ ಕ್ಷೇತ್ರದಲ್ಲೇ ನಿಂತರು. ನೀರಿನ ಬಾಯಿ ದಿಲ್ಲಿಗೆ, ದಿಲ್ಲಿಯ ಬಾಯಿ (ಇಂದಿರಾ ಗಾಂಧಿ) ನೀರಿಗೆ ಅನ್ನುವ ಅರ್ಥದ ಘೋಷಣೆ ಓಣಿ ಓಣಿಯಲ್ಲಿ.

ನಿನ್ನ ಮಾವ ಹಿಂದಿನ ರಾತ್ರಿ ಹೇಳಿದರು, "ಹಸು ಕರುವಿಗೆ ಒತ್ತು." ಆಗ ಕಾಂಗ್ರೆಸ್ಸಿನ ಗುರುತು ಅದು. ಅವರಿಗೆ ಅದು ಎರಡು ಎಕರೆಯ ಋಣ. ನಾನು ಹೂಂ ಅಂದೆ. ಮರುದಿನ ಪರದೆಯ ಹಿಂದೆ ಸೀಲು ಹಿಡಿದಾಗ ಕೈ ನಡುಗಿತು. ಗೋರೆಯವರ ಗುರುತು ಚಕ್ರದೊಳಗೆ ನೇಗಿಲು ಹೊತ್ತ ರೈತ. ನೋಡು ತಮಾಷೆ, ಗೇಣಿ ಒಕ್ಕಲಿನ ಮಗ ಹಸುವಿಗೆ ಒತ್ತಿದರು, ಧಣಿಯ ಮಗಳು ರೈತನಿಗೆ ಒತ್ತಿದಳು! ಆ ಸಲ ಕರ್ನಾಟಕದ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ ಬಂದವು. ಬೊಂಬಾಯಿಯಲ್ಲಿ ಒಂದೂ ಇಲ್ಲ. ಗೋರೆಯವರು ಗೆದ್ದರು. ನಿನ್ನ ಮಾವ ಎರಡು ದಿನ ಸಪ್ಪಗಿದ್ದರು. ಮುಂದಿನ ವರ್ಷ ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಗೆದ್ದಾಗ ಜಿಲೇಬಿ ತಂದರು. ನಾನೂ ಎರಡು ತಿಂದೆ.

ಆ ಗುಟ್ಟನ್ನು ನಾನು ಹತ್ತೊಂಬತ್ತು ವರ್ಷ ಇಟ್ಟುಕೊಂಡೆ. 1996ರಲ್ಲಿ ದೇವೇಗೌಡರು ಪ್ರಧಾನಿಯಾದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ನಾನು ಅಲಸಂಡೆ ಹೆಚ್ಚುತ್ತಾ ಕೂತಿದ್ದೆ. ಯಾಕೋ ಬಾಯಿಗೆ ಬಂತು, ಹೇಳಿಬಿಟ್ಟೆ. ಅವರು ಟಿವಿ ಬಂದ್ ಮಾಡಿದರು. ಊಟಕ್ಕೆ ಏಳಲಿಲ್ಲ. ನಾಲ್ಕು ದಿನ ಹೋಟೆಲಿನಲ್ಲೇ ಉಂಡು ಬಂದರು. ಐದನೇ ದಿನ ರಾತ್ರಿ ಚಪ್ಪಲಿ ಬಿಡುತ್ತಾ ಕೇಳಿದರು, "ಆಗ ನೀರು ಎಷ್ಟು ಗಂಟೆಗೆ ಬರ್ತಿತ್ತು?"

ಅವರಿಗೆ ಗೊತ್ತೇ ಇರಲಿಲ್ಲ ಪುಟ್ಟ! ಹೋಟೆಲು ಮುಚ್ಚಿ ಹನ್ನೆರಡರ ಮೇಲೆ ಬಂದು ಮಲಗುತ್ತಿದ್ದರು. ಏಳುವಾಗ ಹಂಡೆ ತುಂಬಿರುತ್ತಿತ್ತು. ಅವರ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ನೀರಿನ ತೊಂದರೆಯೇ ಇರಲಿಲ್ಲ. ನಾನೂ ಅವತ್ತೇ ಮೊದಲ ಬಾರಿ ಕೇಳಿದೆ, ಗದ್ದೆಯ ಪಟ್ಟೆ ಕೈಗೆ ಬಂದ ದಿನ ನಿಮ್ಮ ಅಪ್ಪಯ್ಯ ಏನು ಮಾಡಿದರು ಅಂತ. ಗದ್ದೆಯ ಅಂಚಿನಲ್ಲಿ ಸುಮ್ನೆ ಕೂತಿದ್ದರಂತೆ, ಕತ್ತಲಾಗುವವರೆಗೆ. ಆ ರಾತ್ರಿ ನಾವು ಮಾತಾಡಿದಷ್ಟು ಮದುವೆಯಾದ ವರ್ಷವೂ ಮಾತಾಡಿರಲಿಲ್ಲ. ಮತ ಮಾತ್ರ ಇಬ್ಬರೂ ಬದಲಿಸಲಿಲ್ಲ.

ನಾನು ನಿನಗೆ ಹೇಳುವುದೂ ಇಷ್ಟೇ. ದೊಡ್ಡಪ್ಪನ ಹತ್ತಿರ ಯಾವ ಪಕ್ಷ, ಯಾಕೆ ಅಂತ ಕೇಳಬೇಡ. ಅಜ್ಜಯ್ಯ ಟ್ರಿಬ್ಯೂನಲ್ಲಿಗೆ ಹೋದ ದಿನ ಏನಾಯಿತು ಅಂತ ಕೇಳು. ನಲವತ್ತು ಜನ ನೋಡುತ್ತಿರುವ ಗ್ರೂಪಿನಲ್ಲಿ ಅಲ್ಲ. ಅಲ್ಲಿ ಯಾರೂ ಸೋಲಲು ತಯಾರಿರುವುದಿಲ್ಲ, ನೀನೂ ಇಲ್ಲ. ಹಿಂದೆ ಲೋಕಲ್ ಟ್ರೈನಿನಲ್ಲಿ ಜಗಳವಾದರೆ ದಾದರ್ ಬಂದಾಗ ಅರ್ಧ ಜನ ಇಳಿಯುತ್ತಿದ್ದರು, ಜಗಳವೂ ಇಳಿಯುತ್ತಿತ್ತು. ಫೋನಿನಲ್ಲಿ ಬರೆದದ್ದು ಇಳಿಯುವುದಿಲ್ಲ. ಒಬ್ಬೊಬ್ಬರೇ ಇರುವಾಗ, ಕೈಗೆ ಏನಾದರೂ ಕೆಲಸ ಇರುವಾಗ ಕೇಳು. ತೆಂಗಿನಕಾಯಿ ಸುಲಿಯುವಾಗ ಅವನು ಜಾಸ್ತಿ ಮಾತಾಡುತ್ತಾನೆ.

ರಾಜಕೀಯಕ್ಕೇ ನಿನ್ನ ಜೊತೆ ಜಗಳವಾಡಿದ ರೂಮಿನ ಗೆಳೆಯನ ವಿಷಯವನ್ನೂ ಕೇಳಿದ್ದೆಯಲ್ಲ, ಅದರಲ್ಲಿ ನಾನೇನೂ ಹೇಳಲಾರೆ. ಅವನ ಮನೆಯ ನಲ್ಲಿ ನನಗೆ ಗೊತ್ತಿಲ್ಲ. ನೀನು ಕೇಳಿದ್ದೀಯಾ? ಕೆಲವರ ಜೊತೆ ಏನು ಮಾಡಿದರೂ ಆಗುವುದಿಲ್ಲ, ಅದೂ ನಿಜ. ನಮ್ಮ ನೆಂಟರಲ್ಲೇ ಒಬ್ಬರಿದ್ದಾರೆ, ಹೆಸರು ಬೇಡ. ಅವರ ಜೊತೆ ನಾನು ಇಪ್ಪತ್ತು ವರ್ಷದಿಂದ ಉಪ್ಪಿನಕಾಯಿ ಬಿಟ್ಟು ಬೇರೆ ಮಾತಾಡಿಲ್ಲ. ಕೆಳಗಿನ ಮಹಡಿಯ ಅಣ್ಣ ತಮ್ಮ ಶಿವಸೇನೆಯ ಉದ್ಧವ್ ಮತ್ತು ರಾಜ್ ಠಾಕ್ರೆ ಬೇರೆಯಾದಾಗ ಮಾತು ಬಿಟ್ಟವರು. ಆ ಠಾಕ್ರೆಗಳಿಬ್ಬರೂ 2025ರ ಜುಲೈ 5ಕ್ಕೆ ವರ್ಳಿಯಲ್ಲಿ ಒಂದೇ ವೇದಿಕೆ ಹತ್ತಿದರು. ಇವರು ಇನ್ನೂ ಬೇರೆ ಬೇರೆ ಹಾಲಿನವನಿಂದ ಹಾಲು ತಗೊಳ್ಳುತ್ತಿದ್ದಾರೆ.

ಮೌನವೆಲ್ಲ ಒಳ್ಳೆಯದು ಅಂತ ಮಾತ್ರ ನನ್ನ ಬಾಯಿಂದ ಹೇಳಿಸಬೇಡ. 1993ರ ಜನವರಿಯ ಗಲಭೆಯಲ್ಲಿ ನಮ್ಮ ಮೇಲಿನ ಮನೆಯವರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಹೋದರು. ನನ್ನ ಮಕ್ಕಳು ಅವರ ಮನೆಯಲ್ಲಿ ಈದ್‌ಗೆ ಶೀರ್‌ಕುರ್ಮಾ ಕುಡಿದು ಬೆಳೆದವರು. ಮೆಟ್ಟಿಲಲ್ಲಿ ಟ್ರಂಕ್ ಇಳಿಸುವ ಸದ್ದು ನನಗೆ ಕೇಳಿಸಿತು. ಬಾಗಿಲು ತೆಗೆಯಲಿಲ್ಲ. ಮರುದಿನ ಕಟ್ಟಡದ ಮೀಟಿಂಗಿನಲ್ಲಿ ಯಾರೋ "ಹೋಗಿದ್ದೇ ಒಳ್ಳೇದಾಯ್ತು" ಅಂದರು. ಆಗಲೂ ನಾನು ಸುಮ್ಮನಿದ್ದೆ. ಜಗಳ ಬೇಡ ಅಂತ. ಹೆದರುಪುಕ್ಕಲರು ಅಂತ ನೀನು ಭಾನುವಾರ ಅಂದಾಗ ನನಗೆ ಕೇಳಿಸಿದ್ದು ಆ ಟ್ರಂಕಿನ ಸದ್ದು. ಅಂಥದ್ದು ನಿನ್ನ ಎದುರು ನಡೆದರೆ ಯಾವ ದೊಡ್ಡಪ್ಪನ ಮುಖವನ್ನೂ ನೋಡಬೇಡ, ಮಾತಾಡು.

ಸರಿ, ಚೌತಿಯ ವಿಷಯ. ದೊಡ್ಡಪ್ಪ ಮಗಳ ಮನೆಗೆ ಥಾಣೆಗೆ ಬರುತ್ತಾನೆ. ಹಬ್ಬಕ್ಕೆ ಎರಡು ದಿನ ಮೊದಲೇ ನನ್ನ ಹತ್ತಿರ ಬರುತ್ತೇನೆ ಅಂದಿದ್ದಾನೆ. ಇಪ್ಪತ್ತೊಂದು ಕಾಯಿ ಸುಲಿಯುವುದಿದೆ, ನನ್ನ ಕೈಯಲ್ಲಿ ಆಗುವುದಿಲ್ಲ. ನೀನು ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿ, ಎರಡೇ ಸ್ಟೇಷನ್. ಬರುವಾಗ ಪುಣೆಯ ಬಾಕರವಡಿ ತಾ. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಡಾಕ್ಟರು ಎಣ್ಣೆ ಪದಾರ್ಥವೂ ಬೇಡ ಅಂದಿದ್ದಾರಂತೆ. ಹಾಗಾಗಿ ಚೀಲದ ಅಡಿಯಲ್ಲಿಟ್ಟುಕೊಂಡು ಬಾ. ಅವನು ಹೇಗೂ ಹುಡುಕುತ್ತಾನೆ.

ನಿನ್ನ
ದೊಡ್ಡತ್ತೆ