ಬೆಂಪ್ಟನ್ ಕಡಲಹಕ್ಕಿಗಳ ಭೇಟಿ: ಸದಸ್ಯರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಜೂನ್ ತಿಂಗಳ ಎರಡನೆಯ ಶನಿವಾರ ನಾವು ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಬೆಂಪ್ಟನ್‌ಗೆ ಹೋಗುವುದೆಂದು ನಿಶ್ಚಯವಾಗಿದೆ. ಸುಮಾರು 100 ಮೀಟರ್ ಎತ್ತರದ ಅಲ್ಲಿನ ಸುಣ್ಣಕಲ್ಲಿನ ಕಡಿದಾದ ಗೋಡೆಯಲ್ಲಿ ಗ್ಯಾನೆಟ್, ಕಿಟ್ಟಿವೇಕ್, ಗಿಲ್ಲಮಾಟ್ ಮೊದಲಾದ ಲಕ್ಷಾಂತರ ಕಡಲಹಕ್ಕಿಗಳು ಬೇಸಿಗೆಯಲ್ಲಿ ಮರಿ ಮಾಡುತ್ತವೆ. ಜುಲೈ ಕೊನೆಯ ಹೊತ್ತಿಗೆ ಅಲ್ಲಿನ ಪಫಿನ್ ಎಂಬ ಕಡಲಹಕ್ಕಿಗಳು ಕಡಲಿಗೆ ಮರಳಿಬಿಡುವುದರಿಂದ, ದಯವಿಟ್ಟು ಯಾರೂ ದಿನಾಂಕವನ್ನು ಮುಂದೂಡಲು ಕೇಳಬಾರದು.

ಗಿಲ್ಲಮಾಟ್ ಗೂಡನ್ನೇ ಕಟ್ಟದೆ, ಬರಿಯ ಬಂಡೆಯ ಅಂಚಿನಲ್ಲಿ ಒಂದೇ ಒಂದು ಮೊಟ್ಟೆಯಿಟ್ಟು ಕಾವು ಕೊಡುತ್ತದೆ. ಆ ಮೊಟ್ಟೆಗಳಿಗಾಗಿ ಹಳ್ಳಿಯ ಗಂಡಸರು ಹಗ್ಗ ಕಟ್ಟಿಕೊಂಡು ಪ್ರಪಾತಕ್ಕೆ ಇಳಿಯುತ್ತಿದ್ದ ಕಸುಬು 1954ರ ಪಕ್ಷಿ ಸಂರಕ್ಷಣಾ ಕಾಯ್ದೆಯೊಂದಿಗೆ ಕೊನೆಗೊಂಡಿತು. ಮಕ್ಕಳಿಗೆ ಈ ವಿಷಯವನ್ನು ಮೊದಲೇ ತಿಳಿಸಿದರೆ ಅವರು ಇನ್ನಷ್ಟು ಆಸಕ್ತಿಯಿಂದ ನೋಡುತ್ತಾರೆಂದು ನನ್ನ ನಂಬಿಕೆ. ಬೇಲಿಯನ್ನು ಯಾರೂ ದಾಟಬಾರದು, ಡ್ರೋನ್ ತರಬಾರದು, ಗಟ್ಟಿಯಾಗಿ ಕೂಗಬಾರದು. ಗಾಳಿ ತಡೆಯುವ ಅಂಗಿ ಮತ್ತು ದುರ್ಬೀನು ಇರಲಿ.

ಊಟದ ನಂತರ ಫ್ಲಾಂಬರೊ ಹಳ್ಳಿಯ ಸಂತ ಆಸ್ವಾಲ್ಡ್ ಚರ್ಚಿನ ಒಳಗಿರುವ ಹಳೆಯ ಮರಗೆತ್ತನೆಯ ಅಡ್ಡತಡಿಕೆಯನ್ನು ನೋಡಿ, 1674ರ ಸುಣ್ಣಕಲ್ಲಿನ ಗೋಪುರಕ್ಕೂ 1806ರ ದೀಪಸ್ತಂಭಕ್ಕೂ ಹೋಗೋಣ. ಬರುವವರು ಗುರುವಾರದೊಳಗೆ ಈ ಗುಂಪಿನಲ್ಲೇ ತಿಳಿಸಬೇಕಾಗಿ ವಿನಂತಿ.