ನೀರಿಗಿಳಿಯಲ್ಲ ಅನ್ನುವವರ ದುಡ್ಡು ಉಳಿಸಿಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಬಗ್ಗೆ ಬಂದ ಬರಹ ಓದಿದೆ. ಮೀನು, ಹವಳ, ಆಮೆ ಎಲ್ಲಾ ಚೆನ್ನಾಗಿ ಬಂದಿದೆ. ಅದಕ್ಕೆ ಎರಡು ಮಾತು ಸೇರಿಸಬೇಕು ಅನ್ನಿಸಿತು.

ಮೊದಲನೆಯದು ಸಣ್ಣದು. ಬೆನ್ನಿಗೆ ಕಟ್ಟುವುದು ಆಮ್ಲಜನಕದ ಸಿಲಿಂಡರ್ ಎಂದು ಬರೆದಿದ್ದೀರಿ. ಅದರಲ್ಲಿರುವುದು ನಾವು ಉಸಿರಾಡುವ ಮಾಮೂಲಿ ಗಾಳಿ, ಸುಮಾರು 200 ಬಾರ್‌ವರೆಗೆ ಒತ್ತಿ ತುಂಬಿರುತ್ತಾರೆ. ಬರೀ ಆಮ್ಲಜನಕ ತುಂಬಿಸಿಕೊಂಡು 6 ಮೀಟರ್‌ಗಿಂತ ಕೆಳಗೆ ಹೋದರೆ ಅದೇ ವಿಷ ಆಗಬಹುದು. ಪಿ.ಬಿ. ರಸ್ತೆಯಲ್ಲಿ ನಮ್ಮದು ವೆಲ್ಡಿಂಗ್ ಗ್ಯಾಸ್ ಅಂಗಡಿ. ಅಪ್ಪನ ಕಾಲದಿಂದ ಸಿಲಿಂಡರ್‌ಗಳ ನಡುವೆಯೇ ಬೆಳೆದವಳು ನಾನು. ಅದಕ್ಕೇ ಈ ಕಿರಿಕಿರಿ, ಬೇಜಾರು ಮಾಡ್ಕೋಬೇಡಿ.

ಎರಡನೆಯದು ಜೊತೆಗಾರರ ವಿಷಯ. ಮೊದಲ ಸಲ ಹೋಗುವವರನ್ನು ತರಬೇತುದಾರರೇ ಹಿಡಿದುಕೊಂಡು ಇಳಿಸುತ್ತಾರೆ. ಈಜು ಬರಬೇಕು ಅಂತಲೂ ಇಲ್ಲ. ಕೋರ್ಸ್ ಮುಗಿಸಿ ಕಾರ್ಡ್ ತಗೊಂಡವರದು ಬೇರೆ ಲೆಕ್ಕ. ಮೊದಲ ಹಂತದ ಕಾರ್ಡ್ ಇದ್ದವರು 18 ಮೀಟರ್‌ವರೆಗೆ ಇಳಿಯಬಹುದು, ಆದರೆ ಇಬ್ಬರು ಜೊತೆಯಾಗಿ ಇಳಿಯಬೇಕು. ನನ್ನ ಗಾಳಿ ಖಾಲಿಯಾದರೆ ಜೊತೆಗಾರರ ಜಾಕೆಟ್‌ಗೆ ಸಿಕ್ಕಿಸಿರುವ ಹೆಚ್ಚುವರಿ ಹಳದಿ ಮೌತ್‌ಪೀಸ್ ನನ್ನ ಬಾಯಿಗೆ ಬರಬೇಕು. 10 ಮೀಟರ್ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿನ ಎರಡರಷ್ಟು ಗಾಳಿ ಬೇಕು, 20 ಮೀಟರ್‌ನಲ್ಲಿ ಮೂರರಷ್ಟು. ಇಬ್ಬರೂ ಒಂದೇ ಸಿಲಿಂಡರ್‌ನಿಂದ ಉಸಿರಾಡುವಾಗ ಒಬ್ಬರು ಗಾಬರಿಯಾಗಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶವೇ ಹರಿಯಬಹುದು. ಇಷ್ಟೆಲ್ಲಾ ನಂಬಿಕೆ ಇಡಬೇಕಾದ ಮನುಷ್ಯ ಯಾರು ಅನ್ನೋದು ಗೊತ್ತಾಗುವುದು ಯಾವಾಗ? ಒಬ್ಬರೇ ಹೋದವರಿಗೆ, ದೋಣಿ ಹತ್ತಿದ ಮೇಲೆ!

ಕಳೆದ ಸೀಸನ್‌ನಲ್ಲಿ ನನಗೂ ಹಾಗೇ ಆಯಿತು. ಮುರ್ಡೇಶ್ವರದಿಂದ ದೋಣಿ ಹೊರಟು ದ್ವೀಪ ಹತ್ತಿರವಾದಾಗ, 'ಮೇಡಂ, ನೀವು ಇವರ ಜೊತೆ' ಅಂದರು ದೋಣಿಯವರು. ಬೆಂಗಳೂರಿನ ಯುವಕ. ಆಳ, ಸಮಯ ತೋರಿಸುವ ಸ್ವಂತ ಡೈವ್ ಕಂಪ್ಯೂಟರ್, ದುಬಾರಿ ಕ್ಯಾಮೆರಾ, ಮಾತೂ ಚೆನ್ನಾಗಿತ್ತು. ಕೊನೆಯ ಸಲ ಯಾವಾಗ ಇಳಿದಿದ್ದಿರಿ ಅಂತ ಕೇಳಿದೆ. ನಕ್ಕುಬಿಟ್ಟರು. ಇಳಿಯುವ ಮುಂಚೆ ಒಬ್ಬರ ಸಾಮಾನು ಇನ್ನೊಬ್ಬರು ನೋಡಬೇಕು: ಜಾಕೆಟ್, ಸೀಸದ ಭಾರ, ಬಕಲ್‌ಗಳು, ಗಾಳಿ. ಅದು ನಿಯಮ. 'ಅದೆಲ್ಲಾ ಕೋರ್ಸ್‌ನಲ್ಲಿ ಮಾಡಿದ್ದೀವಲ್ಲ' ಅಂದರು. ನಾನು ಬಿಡದೆ ಗಾಳಿಯ ಒತ್ತಡ ತೋರಿಸುವ ಅವರ ಗೇಜ್ ಹಿಡಿದುಕೊಂಡು, ಮೌತ್‌ಪೀಸ್‌ನಲ್ಲಿ ಉಸಿರೆಳೆಯಿರಿ ಅಂದೆ. ಎಳೆದಾಗಲೆಲ್ಲ ಮುಳ್ಳು ಕೆಳಗೆ ಬಿದ್ದು ಮತ್ತೆ ಮೇಲೇರುತ್ತಿತ್ತು. ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅದರರ್ಥ. ದೋಣಿ ಮೇಲೆ ಗಾಳಿ ಸಲೀಸಾಗಿಯೇ ಬರುತ್ತದೆ, ಆಳಕ್ಕೆ ಹೋದ ಹಾಗೆ ಸಾಲದೆ ಬರುತ್ತದೆ. ಹೇಳಿದೆ. 'ಅದು ಹಾಗೇ ಇರುತ್ತೆ ಮೇಡಂ' ಅಂದರು.

ದೋಣಿಯ ಹುಡುಗ ಬಂದು ವಾಲ್ವ್ ತಿರುಗಿಸಿದ. ವಾಲ್ವ್ ಸರಿಹೋಯಿತು. ಆ ಉತ್ತರ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಇವರ ಜೊತೆ ಇಳಿಯಲ್ಲ ಅಂದುಬಿಟ್ಟೆ.

ಆಮೇಲೆ ಶುರುವಾಯಿತು ನೋಡಿ. 'ಭಯ ಆಯ್ತಾ ಮೇಡಂ?' 'ಇಷ್ಟು ದೂರ ಬಂದು ಸುಮ್ನೆ ಕೂರ್ತೀರಾ?' ಬೇರೆ ಜೊತೆಗಾರರು ಯಾರೂ ಇರಲಿಲ್ಲ. ದುಡ್ಡು ವಾಪಸ್ ಇಲ್ಲ, ಇನ್ನೊಂದು ದಿನಕ್ಕೆ ಬದಲಾವಣೆಯೂ ಇಲ್ಲ. ಆ ಯುವಕ ದೋಣಿಯವರ ಗೈಡ್ ಜೊತೆ ಇಳಿದು, ಆಮೆಯ ಫೋಟೊ ತೆಗೆದುಕೊಂಡು ಖುಷಿಯಾಗಿ ಮೇಲೆ ಬಂದರು. 'ನೋಡಿದ್ರಾ, ಏನೂ ಆಗಲಿಲ್ಲ' ಅಂತ ಒಬ್ಬರು ನನಗೆ ಕೇಳುವ ಹಾಗೆಯೇ ಹೇಳಿದರು.

ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ನಮ್ಮ ಅಂಗಡಿಯಲ್ಲಿ ಅನುಮಾನ ಬಂದ ಸಿಲಿಂಡರನ್ನು ಪಕ್ಕಕ್ಕಿಡುತ್ತೇವೆ. ಕೆಲವು ಸಲ ಸೋಪಿನ ನೀರು ಹಚ್ಚಿ ನೋಡಿದರೂ ಗುಳ್ಳೆ ಬರುವುದಿಲ್ಲ. ಹಾಗಂತ ಪಕ್ಕಕ್ಕಿಟ್ಟಿದ್ದು ತಪ್ಪು ಅಂತ ಅಪ್ಪ ಯಾವತ್ತೂ ಬೈದವರಲ್ಲ.

ಇದು ಶಕುನ ನೋಡುವ ವಿಷಯವಲ್ಲ. ನೀರಿಗೆ ಹಾರುವ ಮುಂಚೆ ಎದೆ ಡವಡವ ಅನ್ನುವುದು ಎಲ್ಲರಿಗೂ ಇದ್ದದ್ದೇ. ನಿಧಾನವಾಗಿ ಉಸಿರಾಡಿದರೆ ಅದು ಇಳಿಯುತ್ತದೆ. ಒಬ್ಬ ಮನುಷ್ಯನ ಮೇಲೆ, ಒಂದು ಸಾಮಾನಿನ ಮೇಲೆ ಬರುವ ಅನುಮಾನ ಬೇರೆ. ಕಣ್ಣಿಗೆ ಏನೋ ಬಿದ್ದಿರುತ್ತದೆ, ಬಾಯಲ್ಲಿ ಹೇಳಲು ಇನ್ನೂ ಬಂದಿರುವುದಿಲ್ಲ, ಅಷ್ಟೇ. ಆಗ ಒಂದು ಪ್ರಶ್ನೆ ಕೇಳಿ ನೋಡಿ. 'ಹೌದಾ, ತೋರಿಸಿ' ಅನ್ನುವವರ ಜೊತೆ ನಾನು ಧೈರ್ಯವಾಗಿ ಇಳಿಯುತ್ತೇನೆ, ಅವರು ನಿನ್ನೆ ಮೊನ್ನೆ ಕಲಿತವರಾದರೂ ಪರವಾಗಿಲ್ಲ.

ಯಾವ ಡೈವ್ ಆದರೂ, ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆಯೂ ನಿಲ್ಲಿಸಬಹುದು ಅಂತ ಕೋರ್ಸ್‌ನಲ್ಲಿ ಹೇಳಿಕೊಡುತ್ತಾರೆ. ಒಳ್ಳೆ ನಿಯಮ. ಆದರೆ ದುಡ್ಡೂ ಹೋಗಿ ಮರ್ಯಾದೆಯೂ ಹೋಗುವ ಹಾಗಿದ್ದರೆ ಯಾರು ನಿಲ್ಲಿಸುತ್ತಾರೆ? ದಾಕ್ಷಿಣ್ಯಕ್ಕೆ ಬಸಿರಾಗುವ ಜನ ನಾವು. ಬೇಸಿಗೆ ಬಂದರೆ ಭದ್ರಾ ನಾಲೆಗೆ ಈಜಲು ಹೋದ ಹುಡುಗರ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಓದುತ್ತೇವೆ. ಆ ಗುಂಪುಗಳಲ್ಲೂ 'ಬೇಡ ಕಣ್ರೋ' ಅಂದವರು ಇದ್ದಿರಬಹುದು ಅಲ್ವಾ?

ಡೈವಿಂಗ್ ನಡೆಸುವವರಿಗೆ ನನ್ನ ಕೋರಿಕೆ ಕಷ್ಟದ್ದೇನಲ್ಲ. ಯಾರ ಜೊತೆ ಯಾರು ಅನ್ನುವುದನ್ನು ದಡದಲ್ಲೇ, ಸಾಧ್ಯವಾದರೆ ಹಿಂದಿನ ಸಂಜೆಯೇ ತೀರ್ಮಾನಿಸಿ. ಇಬ್ಬರನ್ನೂ ಕೂರಿಸಿ ಮಾತಾಡಿಸಿ, ಕೈಸನ್ನೆಗಳನ್ನು ಕನ್ನಡದಲ್ಲೇ ಒಮ್ಮೆ ಹೇಳಿ. ಹೆಬ್ಬೆರಳು ಮೇಲೆತ್ತಿದರೆ ನಮ್ಮವರು 'ಸೂಪರ್' ಅಂದುಕೊಳ್ಳುತ್ತಾರೆ. ನೀರೊಳಗೆ ಅದು 'ಮೇಲಕ್ಕೆ ಹೋಗೋಣ' ಅನ್ನುವ ಸನ್ನೆ. ಒಂದು ಗಂಟೆಗೂ ಜಾಸ್ತಿ ಅಲೆ ಮೇಲೆ ಕುಲುಕಿ, ಅರ್ಧ ಜನ ವಾಂತಿ ಮಾಡಿಕೊಂಡ ಮೇಲೆ ಇದನ್ನೆಲ್ಲಾ ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ದೋಣಿಯ ಡೀಸೆಲ್ ಖರ್ಚು ನನಗೂ ಅರ್ಥವಾಗುತ್ತದೆ, ನಾನೂ ವ್ಯಾಪಾರಸ್ಥೆ. ಪೂರ್ತಿ ವಾಪಸ್ ಬೇಡ. ಅದೇ ಸೀಸನ್‌ನಲ್ಲಿ ಇನ್ನೊಂದು ದಿನ ಬರಲು ಬಿಡಿ, ಸಾಕು. ಮಳೆಗಾಲದಲ್ಲಿ ಡೈವಿಂಗ್ ಹೇಗೂ ಬಂದ್ ಇರುತ್ತದೆ. ಮಳೆ ಮುಗಿದು ಮತ್ತೆ ಬುಕಿಂಗ್ ಶುರುವಾಗುವುದರೊಳಗೆ ರಸೀದಿಯ ಹಿಂದೆ ಈ ಸಾಲು ಅಚ್ಚು ಹಾಕಿಸಬಹುದು: 'ಇಳಿಯುವುದಿಲ್ಲ ಎಂದವರು ಕಾರಣ ಹೇಳಬೇಕಿಲ್ಲ, ಇನ್ನೊಂದು ದಿನ ಬರಬಹುದು.'

– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ